ಹಡಗಿನ ಕಾಗದ ಕಲಿಸಿದವರು

ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಐಮಂಗಲದ ಹತ್ತಿರ ಹೆದ್ದಾರಿಗೆ ಮುಖಮಾಡಿಕೊಂಡಿದ್ದ ಮಿಡಿಸೌತೆ ಕಾರ್ಖಾನೆಯಲ್ಲಿ ಅವರಿಗೊಂದು ಮೇಜು, ಒಂದು ತಿರುಗುವ ಕುರ್ಚಿ ಇತ್ತು. ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಫೋನಿನಲ್ಲಿ ಮಾತಾಡುವಾಗ ಅವರು ನಡೆಯುತ್ತಿದ್ದರು, ಕಾಗದ ಓದುವಾಗಲೂ ನಡೆಯುತ್ತಿದ್ದರು. ಟೀ ಕುಡಿಯುವಾಗ ಮಾತ್ರ ಕಿಟಕಿಯ ಬಳಿ ನಿಲ್ಲುತ್ತಿದ್ದರು, ಅದೂ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸುತ್ತ. ಕಿಟಕಿಯಾಚೆ ಲಾರಿಗಳು ಬೆಂಗಳೂರಿನ ಕಡೆಗೂ ಪುಣೆಯ ಕಡೆಗೂ ಓಡುತ್ತಿದ್ದವು. ನಿಂತ ಲಾರಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅದ್ಯಾಕೆ ಅಲ್ಲಿ ನಿಂತೈತೆ ನೋಡ್ರಿ" ಎಂದು ಗೇಟಿನವನಿಗೆ ಹೇಳಿಕಳಿಸುತ್ತಿದ್ದರು. ಆ ಲಾರಿ ನಮ್ಮದಾಗಿರಬೇಕೆಂದೇನೂ ಇರಲಿಲ್ಲ.

ಅವರು ತೀರಿಕೊಂಡು ಈಗ ನಾಲ್ಕು ತಿಂಗಳಾಯಿತು. ಸುದ್ದಿ ಬಂದ ದಿನದಿಂದ ನನಗೂ ಒಂದು ಕಡೆ ಕೂತಿರಲು ಮೊದಲಿಗಿಂತ ಕಷ್ಟವಾಗುತ್ತಿದೆ. ಬರೆದರೆ ಸ್ವಲ್ಪ ನಿಲುಗಡೆ ಸಿಕ್ಕೀತೇನೋ ಎಂದು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಕಾಗದದ ಮೇಲೆ ಅವರ ಹೆಸರನ್ನು ಒಮ್ಮೆ ಬಳಸಿಕೊಂಡಿದ್ದೇನೆ, ಅಷ್ಟು ಸಾಕು.

ನಾನು ಹೊಳಲ್ಕೆರೆಯವಳು. ಬಿ.ಕಾಂ. ಮುಗಿಸಿ ಚಿತ್ರದುರ್ಗದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದೆ. ಮಿಡಿಸೌತೆ ಕಾರ್ಖಾನೆಯಲ್ಲಿ ರಫ್ತು ದಾಖಲೆ ನೋಡಿಕೊಳ್ಳಲು ಒಬ್ಬರು ಬೇಕಂತೆ ಎಂದು ಯಾರೋ ಹೇಳಿದರು. ಸುತ್ತಲಿನ ಹಳ್ಳಿಗಳಲ್ಲಿ ಬೆಳೆದ, ಬೆರಳುದ್ದದ ಸೌತೆಮಿಡಿಗಳನ್ನು ಗಾಜಿನ ಬಾಟಲಿಗಳಲ್ಲಿ ವಿನೆಗರ್ ಹಾಕಿ ತುಂಬಿ, ಕಂಟೇನರಿಗೇರಿಸಿ, ಚೆನ್ನೈ ಬಂದರಿನಿಂದ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು. ನಮ್ಮ ಸೀಮೆಯಲ್ಲಿ ಆ ಮಿಡಿಯನ್ನು ಯಾರೂ ತಿನ್ನುವುದಿಲ್ಲ.

ಸಂದರ್ಶನ ಮಾಡಿದವರು ಅವರೇ. ಐವತ್ತು ದಾಟಿದ ವಯಸ್ಸು, ತೆಳ್ಳಗಿನ ಮೈ, ತೋಳು ಮಡಿಸಿದ ಬಿಳಿ ಅಂಗಿ. ಓದು ಎಷ್ಟು, ಅಂಕ ಎಷ್ಟು ಎಂದು ಕೇಳಲಿಲ್ಲ. ಒಂದು ಕಾಗದ ಕೈಗಿಟ್ಟರು.

"ಇದು ಬಿಲ್ ಆಫ್ ಲೇಡಿಂಗ್ ಅಂತ. ಮಾಲು ಹಡಗು ಹತ್ತೈತೆ ಅನ್ನಾಕೆ ಹಡಗಿನೋರು ಕೊಡೋ ರಸೀದಿ. ಇದ್ರಾಗೆ ಎಷ್ಟು ಜನ ಅವ್ರೆ, ಹೇಳು ನೋಡಾಣ."

ನಾನು ಓದಿದೆ. ಕಳಿಸುವವರ ಹೆಸರು ಶಿಪ್ಪರ್ ಎಂಬಲ್ಲಿತ್ತು. ಕನ್ಸೈನಿ ಎಂಬಲ್ಲಿ ಇನ್ನೊಂದು ಹೆಸರು, ನೋಟಿಫೈ ಪಾರ್ಟಿ ಎಂಬಲ್ಲಿ ಮತ್ತೊಂದು. "ಮೂರು ಜನ ಸಾರ್" ಎಂದೆ.

"ಕಳಿಸೋನು, ಪಡೆಯೋನು, ಹಡಗು ಬಂತು ಅಂತ ಯಾರಿಗೆ ಹೇಳಿಕಳಿಸ್ಬೇಕೋ ಅವನು. ಸರಿ. ಕೆಳಗೆ ಸೈನು ಹಾಕಿರೋನು?"

"ಅವರು ಹಡಗಿನವರು ಸಾರ್."

"ಮಾಲು ಈಗ ಯಾರ ಕೈಯಾಗೈತೆ? ಅವನ ಕೈಯಾಗೆ. ಅವನನ್ನೇ ಬಿಟ್ಟುಬಿಟ್ಯಲ್ಲ." ಆಮೇಲೆ ಬಾಗಿಲವರೆಗೆ ನಡೆದುಹೋಗಿ ತಿರುಗಿ ಬಂದರು. "ಸೋಮವಾರದಿಂದ ಬಾ. ದುರ್ಗದ ಬಸ್ಸು ನೆಚ್ಕಂಡು ತಡ ಮಾಡಬ್ಯಾಡ."

ಅವರ ಮನೆತನ ಹೊಸದುರ್ಗದ ಕಡೆಯದು, ಕುರಿ ಸಾಕುವವರು. ಪಿಯುಸಿ ಮುಗಿಯುತ್ತಿದ್ದಂತೆ ಊರು ಬಿಟ್ಟು ಚೆನ್ನೈ ಬಂದರಿನಲ್ಲಿ ಪೆಟ್ಟಿಗೆ ಎಣಿಸುವ ಗುಮಾಸ್ತರಾಗಿ ಸೇರಿದರಂತೆ. ಇಪ್ಪತ್ತು ವರ್ಷ ಅಲ್ಲಿದ್ದು, ತಮಿಳು, ತೆಲುಗು, ಕೆಲಸಕ್ಕೆ ಸಾಕಾಗುವಷ್ಟು ಇಂಗ್ಲಿಷು ಕಲಿತು, ಹಿರಿಯೂರಿನಲ್ಲಿ ಮನೆ ಮಾಡಿಕೊಂಡು ಈ ಕಾರ್ಖಾನೆಗೆ ಬಂದವರು. ಹಡಗಿನ ವ್ಯಾಪಾರದ ಅಷ್ಟೂ ಮಾತುಗಳನ್ನು ಅವರು ನನಗೆ ಕುರಿಗಳ ಮೂಲಕ ಕಲಿಸಿದರು.

ಎಫ್‌ಒಬಿ ಎಂದರೆ ಏನೆಂದು ಮೊದಲ ವಾರ ಕೇಳಿದ್ದೆ. "ಕುರಿ ಮಾರಿದೆ ಅಂದ್ಕ. ಲಾರಿ ಹತ್ತಿಸೋ ತನಕ ಕಾಲು ಮುರಿದ್ರೆ ನಷ್ಟ ನಂದು. ಲಾರಿ ಹತ್ತಿದ್ ಮ್ಯಾಲೆ ಕೊಂಡೋನ್ದು. ಲಾರಿ ಬದಲಿಗೆ ಹಡಗು ಅನ್ನು, ಅದೇ ಎಫ್‌ಒಬಿ."

"ಹಾಗಾದರೆ ಸಿಐಎಫ್ ಅಂದರೆ ಅವರ ಊರು ಮುಟ್ಟುವವರೆಗೂ ಜವಾಬ್ದಾರಿ ನಮ್ಮದಾ ಸಾರ್?"

"ಎಲ್ಲರೂ ಅಲ್ಲೇ ಎಡವೋದು. ಬಾಡಿಗೆ ನಾವು ಕೊಡ್ತೀವಿ, ವಿಮೆ ನಾವು ಮಾಡಿಸ್ತೀವಿ. ಆದ್ರೆ ಹಡಗು ಹತ್ತಿದ್ ಮ್ಯಾಲೆ ದಾರ್ಯಾಗೆ ಏನಾರ ಆದ್ರೆ, ವಿಮೆಯೋರನ್ನ ಕೇಳಾಕೆ ಹೋಗ್ಬೇಕಾದೋನು ಕೊಂಡೋನೇ. ಖರ್ಚು ಯಾರ್ದು ಅನ್ನೋದೇ ಬ್ಯಾರೆ, ಹೊಣೆ ಯಾರ್ದು ಅನ್ನೋದೇ ಬ್ಯಾರೆ. ಇದನ್ನ ಬರ್ಕ."

ನಾನು ಬರೆದುಕೊಂಡೆ. ಡೆಮರೇಜ್ ಮತ್ತು ಡಿಟೆನ್ಷನ್ ಎಂಬ ಎರಡು ದಂಡಗಳನ್ನು ಅದಲುಬದಲು ಮಾಡುತ್ತಿದ್ದಾಗ ಅವರು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ತುಂಬಿದ ಡಬ್ಬಿ ಬಂದರಿನಾಗೆ ಹೆಚ್ಚು ದಿನ ಕುಂತ್ರೆ ಡೆಮರೇಜು. ಅವರ ಡಬ್ಬೀನ ನಮ್ಮ ಅಂಗಳದಾಗೆ ಹೆಚ್ಚು ದಿನ ಕೂರಿಸ್ಕಂಡ್ರೆ ಡಿಟೆನ್ಷನ್ನು. ಎಲ್ಲಿ ಕುಂತ್ರೂ ದಂಡ ಐತೆ" ಎಂದು ಹೇಳಿ, ಹೇಳಿದ್ದು ತಮಗೇ ತಟ್ಟಿತೆಂಬಂತೆ ಹೊರಗೆ ನಡೆದುಬಿಡುತ್ತಿದ್ದರು. ಕಂಟೇನರನ್ನು ಅವರು ಯಾವತ್ತೂ ಡಬ್ಬಿ ಎಂದೇ ಕರೆದರು.

ಅವರನ್ನು ನಾನು ನಿಜಕ್ಕೂ ಅರಿತದ್ದು ಒಂದು ತಾರೀಕಿನ ಜಗಳದಲ್ಲಿ. ಕೊಳ್ಳುವವರ ಬ್ಯಾಂಕು ಲೆಟರ್ ಆಫ್ ಕ್ರೆಡಿಟ್ ಎಂಬ ಖಾತ್ರಿಪತ್ರ ಕೊಟ್ಟಿತ್ತು. ಇಂಥ ದಿನದೊಳಗೆ ಮಾಲು ಹಡಗು ಹತ್ತಿರಬೇಕು ಎಂದು ಅದರಲ್ಲಿತ್ತು. ಹಡಗು ತಡವಾಯಿತು. ಮಾಲು ಹತ್ತಿದ್ದು ಆ ದಿನ ಕಳೆದ ಮರುದಿನ. ಮ್ಯಾನೇಜರು ಆಫೀಸಿಗೇ ಬಂದು, "ಒಂದು ದಿನದ ಮಾತು. ಏಜೆಂಟಿಗೆ ಹೇಳಿ ಹಿಂದಿನ ತಾರೀಕು ಹಾಕಿಸಿಬಿಡಿ. ಎಲ್ಲರೂ ಮಾಡುತ್ತಾರೆ" ಎಂದರು.

"ಹಡಗು ಯಾವತ್ತು ಹೋಯ್ತೋ ಅವತ್ತಿನ ತಾರೀಕೇ ಹಾಕಿಸ್ತೀನಿ ಸಾರ್."

"ಬ್ಯಾಂಕು ಕಾಗದ ವಾಪಸು ಕಳಿಸಿದರೆ?"

"ಕೊಳ್ಳೋರ ಹತ್ರ ಮಾತಾಡಿ ತಿದ್ದಿಸಾಣ. ಅವರೂ ಮನುಷ್ಯರೇ ಅಲ್ವಾ."

ಆ ದಿನವಿಡೀ ಅವರು ಅಂಗಳದಲ್ಲಿ ನಡೆಯುತ್ತಲೇ ಹೊರದೇಶದವರೊಂದಿಗೆ ಫೋನಿನಲ್ಲಿ ಮಾತಾಡಿದರು. ಸಂಜೆಯ ಹೊತ್ತಿಗೆ ಖಾತ್ರಿಪತ್ರ ತಿದ್ದುಪಡಿಯಾಗಿ ಬಂತು. ಮ್ಯಾನೇಜರು ಒಂದು ವಾರ ಅವರೊಂದಿಗೆ ಮಾತಾಡಲಿಲ್ಲ. ಅವರೇನೂ ಗೆದ್ದವರಂತೆ ಇರಲಿಲ್ಲ. ನನಗೆ ಮಾತ್ರ ಹೇಳಿದರು: "ಈ ಕಾಗದ ನಂಬ್ಕಂಡು ಸಮುದ್ರದ ಆಚೆ ಒಬ್ಬ ಕುಂತಿರ್ತಾನೆ. ಅವ ನಮ್ಮ ಮುಖ ನೋಡಿಲ್ಲ. ಅವನಿಗೆ ಇರೋದು ಇದೊಂದೇ."

ಇಷ್ಟು ಹೇಳಿದ ಮೇಲೆ ಅವರು ಬರೆದುಕೊಟ್ಟ ಸುಳ್ಳು ಕಾಗದದ ಬಗ್ಗೆ ಹೇಳಬೇಕು.

ಖಾಲಿ ಕಂಟೇನರು ಚೆನ್ನೈನಿಂದ ಬಂದಾಗ ಅದರಲ್ಲಿ ತೂತಿದೆಯೋ ಇಲ್ಲವೋ ನೋಡುವುದಕ್ಕೆ ಒಂದು ಹಳೆಯ ಕ್ರಮವಿದೆ. ಒಬ್ಬರು ಒಳಗೆ ಹೋಗಬೇಕು, ಹೊರಗಿನವರು ಬಾಗಿಲು ಮುಚ್ಚಬೇಕು. ಒಳಗೆ ಕತ್ತಲಾದಾಗ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ ಎಂದರ್ಥ. ತೂತಿದ್ದರೆ ಉಪ್ಪುನೀರು ಒಳಗೆ ಬಂದು ರಟ್ಟಿನ ಪೆಟ್ಟಿಗೆಗಳು ಕೊಳೆಯುತ್ತವೆ. ಅವರು ಪ್ರತಿ ಕಂಟೇನರಿಗೂ ತಾವೇ ಒಳಗೆ ಹೋಗುತ್ತಿದ್ದರು. ಹೋಗುವ ಮುನ್ನ ಎರಡು ಕೆಲಸ ಮಾಡುತ್ತಿದ್ದರು. ಬಾಗಿಲಿನ ಮೇಲೆ ಹುಳು ಸಾಯಿಸುವ ಔಷಧಿಯ ಹೊಗೆ ಹಾಕಲಾಗಿದೆ ಎಂಬ ಎಚ್ಚರಿಕೆ ಚೀಟಿಯ ಗುರುತಿದೆಯೇ ಎಂದು ನೋಡುವುದು. ಮೂಗು ಒಡ್ಡಿ ವಾಸನೆ ಹಿಡಿಯುವುದು. "ಹಿಂದಿನ ಸಲ ಇದ್ರಾಗೆ ಏನು ತುಂಬಿದ್ರೋ, ಡಬ್ಬಿ ಬಾಯಿ ಬಿಟ್ಟು ಹೇಳಲ್ಲ" ಎನ್ನುತ್ತಿದ್ದರು. ಎರಡು ನಿಮಿಷ ಒಳಗಿದ್ದು ತಟ್ಟುತ್ತಿದ್ದರು. ನಾನು ಬಾಗಿಲು ತೆಗೆಯುತ್ತಿದ್ದೆ. ಎರಡು ವರ್ಷದಲ್ಲಿ ಎಷ್ಟು ಸಲ ತೆಗೆದಿದ್ದೆನೋ ಲೆಕ್ಕವಿಲ್ಲ.

ಆ ದಿನ ಕಂಟೇನರು ತಡವಾಗಿ ಬಂತು. ಬಂದರಿನ ಬಾಗಿಲು ಹಾಕುವ ಹೊತ್ತಿಗೆ, ಅಂದರೆ ಕಟ್‌ಆಫ್ ಮುಗಿಯುವುದರೊಳಗೆ, ಅದು ತುಂಬಿಕೊಂಡು ಚೆನ್ನೈ ಮುಟ್ಟಬೇಕಿತ್ತು. ಅವರಿಗೆ ನೆಗಡಿಯಾಗಿತ್ತು, ಮೂಗು ಕಟ್ಟಿತ್ತು. ಚೀಟಿ ನೋಡಲಿಲ್ಲ. ಸರಸರನೆ ಹತ್ತಿ, "ಹಾಕಮ್ಮ ಬಾಗ್ಲು" ಎಂದರು. ಡ್ರೈವರು ಟೀಗೆ ಹೋಗಿದ್ದ. ನಾನೇ ಬಾಗಿಲು ತಳ್ಳಿ ಸರಳು ಹಾಕಿದೆ.

ಅಷ್ಟರಲ್ಲಿ ನನಗೊಂದು ಫೋನು ಬಂತು. ಚೆನ್ನೈನ ಏಜೆಂಟಿನ ಕಡೆಯ ಹುಡುಗಿ. "ಹಡಗಿನಲ್ಲಿ ಜಾಗ ಇಲ್ಲ, ನಿಮ್ಮದನ್ನು ಮುಂದಿನ ಹಡಗಿಗೆ ಹಾಕಿದ್ದಾರೆ" ಎಂದಳು. ಜನರೇಟರಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ನಾನು ನಡೆಯುತ್ತ ಬೇವಿನ ಮರದ ಕಡೆ ಹೋದೆ. ಅದಕ್ಕೆ ಮುಂಚೆ ಇಂಥ ಮಾತು ಬಂದರೆ ಫೋನನ್ನು ಅವರ ಕೈಗೆ ಕೊಡುತ್ತಿದ್ದೆ. ಅವತ್ತು ಕೊಡಲಿಲ್ಲ. ಬುಕಿಂಗ್ ಖಚಿತವಾದ ಪತ್ರ ನಮ್ಮ ಹತ್ತಿರ ಇದೆ, ತೂಕದ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಕೊಡುತ್ತೇವೆ, ಕಟ್‌ಆಫ್ ಇನ್ನೂ ಮುಗಿದಿಲ್ಲ, ನೀವು ನಮ್ಮನ್ನು ರೋಲ್ ಮಾಡುವ, ಅಂದರೆ ಮುಂದಿನ ಹಡಗಿಗೆ ತಳ್ಳುವ ಹಾಗಿಲ್ಲ ಎಂದು ಒಂದೊಂದೇ ಮಾತನ್ನು ಜೋಡಿಸಿ ಹೇಳಿದೆ. ಎಲ್ಲವೂ ಅವರು ಕಲಿಸಿದ ಮಾತುಗಳು. ಹುಡುಗಿ ಮೇಲಿನವರಿಗೆ ಕೊಟ್ಟಳು. ಅವರ ಹತ್ತಿರವೂ ವಾದ ಮಾಡಿದೆ. ಅವರು ಒಪ್ಪಿದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಸಾರ್‌ಗೆ ಹೇಳಬೇಕು ಎಂದು ಫೋನು ಇಟ್ಟು ಸುತ್ತ ನೋಡಿದೆ. ಸಾರ್ ಎಲ್ಲೂ ಇರಲಿಲ್ಲ.

ಆಗ ನೆನಪಾಯಿತು.

ಓಡಿಹೋಗಿ ಸರಳು ಎತ್ತಲು ಹೋದರೆ ಎರಡು ಸಲ ಕೈಜಾರಿತು. ಬಾಗಿಲು ತೆಗೆದಾಗ ಅವರು ಹೊಸಿಲ ಹತ್ತಿರವೇ ಮಗ್ಗುಲಾಗಿ ಬಿದ್ದಿದ್ದರು. ಬಾಯಿಂದ ನೊರೆ ಬಂದಿತ್ತು. ಒಂದು ಚಪ್ಪಲಿ ಕೈಯಲ್ಲಿತ್ತು. ಅದರಿಂದ ಬಾಗಿಲು ಬಡಿದಿದ್ದರು ಎಂದು ಆಮೇಲೆ ತಿಳಿಯಿತು. ಒಳಗಿಂದ ಬೆಳ್ಳುಳ್ಳಿ ಕೊಳೆತಂಥ ವಾಸನೆ ಬರುತ್ತಿತ್ತು. ನನ್ನ ಕೂಗಿಗೆ ಗೇಟಿನವನು, ತೊಳೆಯುವ ವಿಭಾಗದ ಹೆಂಗಸರು ಓಡಿಬಂದು ಎತ್ತಿದರು. ಕಾರ್ಖಾನೆಯ ಜೀಪಿನಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದೆವು. ದಾರಿಯಲ್ಲಿ ನಾನು ಫೋನು ತೆಗೆದು ನೋಡಿದೆ. ಆ ಕರೆ ಹನ್ನೊಂದು ನಿಮಿಷದ್ದು.

ಧಾನ್ಯಕ್ಕೆ ಇಡುವ ಔಷಧಿಯ ಬೂದಿ ಕಂಟೇನರಿನ ಮೂಲೆಯಲ್ಲಿ ಉಳಿದಿತ್ತಂತೆ. ತೇವಕ್ಕೆ ಅದರಿಂದ ವಿಷದ ಗಾಳಿ ಎದ್ದಿತ್ತು. ಅವರು ಬದುಕಿದರು. ಆದರೆ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ ಎಂದರು ಡಾಕ್ಟರು.

ಐದನೆಯ ದಿನ ಮ್ಯಾನೇಜರು ಆಸ್ಪತ್ರೆಗೆ ಹೋಗಿ ಹೇಳಿಕೆ ಬರೆಸಿಕೊಂಡು ಬಂದರು. ನಾನು ಆಫೀಸಿನಲ್ಲಿ ಕೆಲಸ ಹೋಗುವುದನ್ನೇ ಕಾಯುತ್ತ ಕೂತಿದ್ದೆ. ಪೊಲೀಸರು ಬರಬಹುದು ಎಂದೂ ಅಂದುಕೊಂಡಿದ್ದೆ. ಮ್ಯಾನೇಜರು ಬಂದು ನನ್ನ ತಲೆ ಸವರಿದರು. ಕಾಗದ ತೋರಿಸಿದರು. ಸಾರ್ ಅವರದೇ ಅಕ್ಷರ, ಸ್ವಲ್ಪ ಸೊಟ್ಟಗಾಗಿತ್ತು. ಯಾರಿಗೂ ತಿಳಿಸದೆ ನಾನೊಬ್ಬನೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ, ಗಾಳಿಗೆ ಸರಳು ಬಿದ್ದಿರಬೇಕು, ನಮ್ಮ ಆಫೀಸಿನ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದು ಬಾಗಿಲು ತೆಗೆದದ್ದರಿಂದ ಉಳಿದೆ, ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಇಷ್ಟೇ ಬರೆದಿದ್ದರು.

ಆ ಸರಳು ಗಾಳಿಗೆ ಬೀಳುವಂಥದ್ದಲ್ಲ. ಅದು ಮ್ಯಾನೇಜರಿಗೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಹಡಗಿನವರು ಮಾಲು ಹತ್ತಿಸಿಕೊಳ್ಳುವಾಗ ಪೆಟ್ಟಿಗೆ ಜಜ್ಜಿದ್ದರೆ, ತೊಟ್ಟಿಕ್ಕುತ್ತಿದ್ದರೆ ಅದನ್ನು ಕಾಗದದ ಮೇಲೆ ಬರೆಯುತ್ತಾರೆ. ಏನೂ ದೋಷ ಬರೆಯದ ಕಾಗದಕ್ಕೆ ಕ್ಲೀನ್ ಎನ್ನುತ್ತಾರೆ. ದೋಷವಿರುವ ಮಾಲಿಗೆ ಕ್ಲೀನ್ ಕಾಗದ ಕೇಳಿದವರನ್ನು ಬಾಗಿಲಿನಿಂದಾಚೆ ಕಳಿಸಿದ ಮನುಷ್ಯ ಅವರು. ನನಗಾಗಿ ಅಂಥದೊಂದು ಬರೆದುಕೊಟ್ಟಿದ್ದರು. ನಾನು ಬಾಯಿ ಬಿಡಲಿಲ್ಲ. ಬಿಡಬೇಕೆಂದು ಎದ್ದೆ, ಕುಡಿಯುವ ನೀರಿನ ಹತ್ತಿರ ಹೋಗಿ ಎರಡು ಲೋಟ ನೀರು ಕುಡಿದು ತಿರುಗಿ ಬಂದು ಕೂತೆ.

ಆ ಕಾಗದದಿಂದ ಆದದ್ದು ಇಷ್ಟು. ತಪ್ಪು ಅವರದೇ ಎಂದು ದಾಖಲಾಯಿತು. ಕೆಲವು ತಿಂಗಳ ಮೇಲೆ ಶಾಲು ಹೊದಿಸಿ, ಹಾರ ಹಾಕಿ ಅವರನ್ನು ಮನೆಗೆ ಕಳಿಸಿದರು. ಸಿಗಬಹುದಾಗಿದ್ದ ಪರಿಹಾರ ಸಿಗಲಿಲ್ಲ. ಅವರ ಮೇಜು ನನ್ನದಾಯಿತು. ಆ ವರ್ಷ ಸುರಕ್ಷತಾ ದಿನದಂದು ಸಮಯಪ್ರಜ್ಞೆ ತೋರಿದ್ದಕ್ಕೆ ಎಂದು ನನ್ನನ್ನು ವೇದಿಕೆಗೆ ಕರೆದು ಪ್ರಮಾಣಪತ್ರ ಕೊಟ್ಟರು. ತೊಳೆಯುವ ವಿಭಾಗದ ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.

ಅಲ್ಲಿಂದ ನನಗೆ ಆ ಕುರ್ಚಿಯಲ್ಲಿ ಕೂರುವುದಕ್ಕೆ ಆಗುತ್ತಿರಲಿಲ್ಲ. ಕೂತರೆ ಯಾರೋ ಬಾಗಿಲು ಬಡಿದಂತಾಗುತ್ತಿತ್ತು. ಎದ್ದು ಹೋಗಿ ಅಂಗಳ ನೋಡಿ ಬರುತ್ತಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಊಟದ ನಡುವೆ ಎದ್ದು ಗ್ಯಾಸು ಆರಿಸಿದೆಯೋ, ಬಚ್ಚಲ ಬಾಗಿಲಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದಾರೋ ಎಂದು ನೋಡುತ್ತಿದ್ದೆ. "ಏನಾಗೈತೆ ನಿಂಗೆ, ಕುಂತ ಕಡೆ ಕೂರಲ್ಲ, ನಿಂತ ಕಡೆ ನಿಲ್ಲಲ್ಲ" ಎಂದು ಚಿಕ್ಕಮ್ಮ ಕೇಳಿದರೆ ಕೆಲಸದ ಒತ್ತಡ ಎನ್ನುತ್ತಿದ್ದೆ.

ಹಿರಿಯೂರಿನ ಅವರ ಮನೆಗೆ ಹೋದರೆ ಇನ್ನೂ ಕಷ್ಟ. ಅವರ ಹೆಂಡತಿ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಬಂದವರಿಗೆಲ್ಲ, "ಇವಳೇ ಕಣ್ರಿ, ನಮ್ಮನೆಯೋರನ್ನ ಉಳಿಸ್ದೋಳು" ಎಂದು ತೋರಿಸುತ್ತಿದ್ದರು. ಹೋಳಿಗೆ ಮಾಡಿದ ದಿನ ನನಗೆಂದು ಎರಡು ಎತ್ತಿಟ್ಟು, ಹಿರಿಯೂರಿನಿಂದ ಬರುವ ಗೇಟಿನವನ ಕೈಲಿ ಕಳಿಸುತ್ತಿದ್ದರು. ಸಾರ್ ಒಳಗಿನ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿರುತ್ತಿದ್ದರು. ಅಷ್ಟು ಹೊತ್ತು ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಕಾಲ ಬೆರಳುಗಳು ಹೊದಿಕೆಯ ಕೆಳಗೆ ಒಂದೇ ಸಮನೆ ಆಡುತ್ತಿದ್ದವು.

ಒಂದು ವರ್ಷ ಕಳೆದಿತ್ತು. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಿತ್ತು. ಜಿಲ್ಲೆಯ ಜನವೆಲ್ಲ ನೋಡಲು ಹೋಗುತ್ತಿದ್ದರು. ತಾವೂ ನೋಡಬೇಕು ಎಂದು ಅವರು ಫೋನು ಮಾಡಿದರು. ನಾನು ಪರಿಚಯದವರ ಕಾರು ತೆಗೆದುಕೊಂಡು ಹೋದೆ. ಅಲ್ಲಿ ಕಾರು ನಿಲ್ಲಿಸಿದ ಮೇಲೆ ಮೆಟ್ಟಿಲು ಹತ್ತಬೇಕು. ಆರು ಮೆಟ್ಟಿಲು ಹತ್ತಿ ಅವರು ಕಂಬಿ ಹಿಡಿದು ನಿಂತರು. ತುಟಿ ಕಪ್ಪಿಟ್ಟಿತು.

"ನೀ ಹೋಗಿ ನೋಡ್ಕಂಡು ಬಾ. ಬಂದು ಹೇಳು" ಎಂದರು.

ನಾನು ಹೋಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ. "ಸಾರ್, ನನಗೆ ಆಗುತ್ತಿಲ್ಲ. ಮ್ಯಾನೇಜರಿಗೆ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಅಮ್ಮನಿಗೂ ಹೇಳುತ್ತೇನೆ. ನೀವು ಬಾಗಿಲು ಬಡಿಯುತ್ತಿದ್ದಿರಿ, ನಾನು ಬೇವಿನ ಮರದ ಕೆಳಗೆ ಫೋನಿನಲ್ಲಿದ್ದೆ" ಎಂದೆ.

ಅವರು ಕಂಬಿ ಬಿಡಲಿಲ್ಲ. ಉಸಿರು ಹತೋಟಿಗೆ ಬರಬೇಕಿತ್ತು. ಆಮೇಲೆ ಹೇಳಿದರು: "ಚೀಟಿ ನೋಡ್ದೆ ಒಳಗೋದೋನು ನಾನು. ಬಾಗ್ಲು ತೆಗೆಯೋದು ತಡ ಮಾಡ್ದೋಳು ನೀನು. ತಪ್ಪು ಇಬ್ರದ್ದೂ. ಬರೆಯೋ ಜಾಗದಾಗೆ ಒಂದು ಹೆಸರು ಸಾಕಿತ್ತು. ನಂಗೆ ಐವತ್ತೇಳು, ನಿಂಗೆ ಇಪ್ಪತ್ತಾರು. ಯಾರ ಹೆಸರು ಹಾಕ್ಬೇಕಿತ್ತು ಹೇಳು."

"ಅದರಿಂದ ನಿಮಗೆ ಬರಬೇಕಾದದ್ದು ಬರಲಿಲ್ಲ."

"ಬರ್ಲಿಲ್ಲ. ಅದು ಗೊತ್ತಿದ್ದೇ ಬರ್ದೆ."

"ಸುಳ್ಳು ಬರೆದಿರಲ್ಲ ಸಾರ್. ನೀವು."

ಅವರು ನನ್ನ ಕಡೆ ತಿರುಗಿದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಆ ಒಂದೇ ಸಲ. "ಬರ್ದೆ. ಅದು ನಂಗೆ ಕುಂತ್ರೂ ನಿಂತ್ರೂ ಚುಚ್ತೈತೆ. ನೀನು ಈಗ ಹೋಗಿ ಹೇಳಿದ್ರೆ ಬರ್ದಿದ್ದೂ ದಂಡ ಆಗ್ತೈತೆ. ನಾನು ಇರೋ ತನಕ ಯಾರ ಹತ್ರಾನೂ ಎತ್ತಬ್ಯಾಡ. ನನ್ನ ಹೆಂಡ್ತಿ ಹತ್ರ ಮೊದ್ಲೇ ಬ್ಯಾಡ. ನಿನ್ನ ನೋಡಿದ್ರೆ ಅವಳಿಗೆ ಒಂಚೂರು ಸಮಾಧಾನ ಆಗ್ತೈತೆ. ಅದನ್ನ ಕಿತ್ಕಬ್ಯಾಡ."

ಕೋಡಿಯ ನೀರಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. ಆ ನೀರನ್ನು ನಾವಿಬ್ಬರೂ ನೋಡಲಿಲ್ಲ.

ಮುಂದಿನ ತಿಂಗಳೇ ನಾನು ಕೆಲಸ ಬಿಟ್ಟೆ. ಹೊಸದುರ್ಗದ ಹತ್ತಿರ ದಾಳಿಂಬೆ ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸುವ ಕಡೆ ಸೇರಿದೆ. ಅಲ್ಲಿ ಬರುವುದು ತಂಪು ಕಂಟೇನರುಗಳು. ಬಂದ ತಕ್ಷಣ ಎರಡೂ ಬಾಗಿಲು ತೆರೆದು ಒಂದು ಗಂಟೆ ಹಾಗೇ ಬಿಡಿಸುತ್ತೇನೆ. ಯಾರನ್ನೂ ಒಳಗೆ ಬಿಟ್ಟು ಬಾಗಿಲು ಮುಚ್ಚಲು ಬಿಡುವುದಿಲ್ಲ. ತೂತು ನೋಡಬೇಕಾದರೆ ಒಂದು ಫೋನನ್ನು ಒಳಗಿಟ್ಟು ಚಿತ್ರ ತೆಗೆಯುತ್ತೇವೆ. ಡ್ರೈವರುಗಳು ನನ್ನನ್ನು ಹುಚ್ಚಿ ಎನ್ನುತ್ತಾರೆ.

ಅವರು ಮನೆಯಲ್ಲೂ ಸುಮ್ಮನಿರಲಿಲ್ಲ. ತೆಂಗಿನ ನಾರು, ದಾಳಿಂಬೆ ಕಳಿಸಬೇಕೆಂದು ಹೊಸದಾಗಿ ಹೊರಟ ರೈತರು, ಸಣ್ಣ ಕಾರ್ಖಾನೆಯವರು ಅವರ ಮಂಚದ ಸುತ್ತ ಕೂತಿರುತ್ತಿದ್ದರು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು, ಎರಡು ಮಾತಿಗೊಮ್ಮೆ ನಿಲ್ಲುತ್ತ, ಕುರಿ, ಲಾರಿ, ಹೊಣೆ ಎಂದು ಹೇಳುತ್ತಿದ್ದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆ ಮಾತನ್ನು ಮತ್ತೆ ಎತ್ತಲಿಲ್ಲ. ಕೊನೆಯ ಸಲ ಹೋದಾಗ, "ನಿಮ್ಮಲ್ಲಿ ಮಾಲು ಹೋಗ್ತಾ ಐತಾ?" ಎಂದು ಕೇಳಿದರು. "ಹೋಗ್ತಾ ಇದೆ ಸಾರ್" ಎಂದೆ. "ಹಂಗಾದ್ರೆ ಇಲ್ಲ್ಯಾಕೆ ಕುಂತಿದ್ದೀಯ" ಎಂದರು.

ಮಣ್ಣಿನ ದಿನ ಅವರ ಹೆಂಡತಿ ಅಷ್ಟು ಜನರ ನಡುವೆ ನನ್ನನ್ನು ತಬ್ಬಿಕೊಂಡು ಅತ್ತರು. "ನಿನ್ನಿಂದ ನಾಕು ವರ್ಷ ಹೆಚ್ಚಿಗೆ ಇದ್ರಮ್ಮ" ಎಂದರು. ಅಲ್ಲಿ ಹೇಳುವುದು ಆಗಲಿಲ್ಲ. ಒಂದು ವಾರ ಕಾದೆ. ತಾವು ಇರುವ ತನಕ ಯಾರಿಗೂ ಹೇಳಬೇಡ ಎಂದು ಸಾರ್ ಹೇಳಿದ್ದರು. ಈಗ ಅವರಿರಲಿಲ್ಲ. ಆ ಮಾತಿನ ಅರ್ಥವನ್ನು ನಾನು ನನಗೆ ಬೇಕಾದಂತೆ ಮಾಡಿಕೊಂಡೆನೇನೋ, ಗೊತ್ತಿಲ್ಲ. ಒಂದು ಮಧ್ಯಾಹ್ನ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ಅವರ ಹೆಂಡತಿ ಒಬ್ಬರೇ ಇದ್ದರು. ನಿಂತುಕೊಂಡೇ ಹೇಳಿದೆ. ಸರಳು ಹಾಕಿದವಳು ನಾನು, ಮರೆತವಳು ನಾನು, ಹನ್ನೊಂದು ನಿಮಿಷ, ಅವರು ಬರೆದದ್ದು ಸುಳ್ಳು.

ಆ ತಾಯಿ ಅಳಲಿಲ್ಲ. ನನ್ನನ್ನು ನೋಡುತ್ತಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತರು. "ನಾಕು ವರ್ಷ ನಿನ್ನ ಕೈಗೆ ಊಟ ಇಟ್ಟಿದ್ದೀನಿ" ಎಂದರು. ಆಮೇಲೆ, "ಈಗ ಹೋಗು" ಎಂದರು.

ಹೋದೆ. ಮನೆಗೆ ಹೋಗಲಾಗಲಿಲ್ಲ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಒಂದಾದ ಮೇಲೊಂದು ಬಸ್ಸು ಬಿಟ್ಟೆ. ಮರುದಿನ ಮಿಡಿಸೌತೆ ಕಾರ್ಖಾನೆಗೂ ಹೋಗಿ ಮ್ಯಾನೇಜರ ಕೈಗೆ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಈಗ ಅಲ್ಲಿರುವವರು ಹೊಸಬರು. ಎರಡು ಸಲ ಓದಿದರು. ಹಳೆಯ ಕಡತ ತೆಗೆಸಿ, ಅದರ ಜೊತೆ ಸೇರಿಸಿ ಮೇಲಿನವರಿಗೆ ಕಳಿಸುತ್ತೇನೆ, ನಿಮ್ಮನ್ನೂ ಕರೆಯಬಹುದು ಎಂದರು. ಕರೆಯಲಿ ಎಂದೆ. ಇನ್ನೂ ಕರೆದಿಲ್ಲ.

ಮೂರು ತಿಂಗಳು ಆ ಮನೆಯ ಕಡೆ ತಲೆ ಹಾಕಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ಅವರ ಹೆಂಡತಿಯ ಫೋನು ಬಂತು. "ಬಾ" ಎಂದಷ್ಟೇ ಹೇಳಿ ಇಟ್ಟರು. ಹೋದೆ. ಕೈಹಿಡಿದು ಒಳಗೆ ಕರೆಯಲಿಲ್ಲ. ಎದುರಿನ ಚಾಪೆ ತೋರಿಸಿದರು. ಕೂತೆ. ಎದ್ದು ಓಡಿಹೋಗಬೇಕು ಎನ್ನಿಸುತ್ತಿತ್ತು. ಕೈಯನ್ನು ಮಂಡಿಯ ಕೆಳಗೆ ಒತ್ತಿಹಿಡಿದುಕೊಂಡೆ.

"ಅವತ್ತು ಬೆಳಿಗ್ಗೆ ನೆಗಡಿ ಅಂತ ಕಷಾಯ ಕುಡಿದ್ರು" ಎಂದರು ಆ ತಾಯಿ, ನೆಲ ನೋಡುತ್ತ. "ಉಪ್ಪಿಟ್ಟು ಮಾಡಿದ್ದೆ. ಹೊತ್ತಾಗೈತೆ ಅಂತ ನಿಂತ್ಕಂಡೇ ಎರಡು ತುತ್ತು ತಿಂದು ಗಾಡಿ ಹತ್ತಿದ್ರು. ತಿರುಗಿ ನೋಡ್ಲಿಲ್ಲ. ಅಲ್ಲಿಗಂಟ ನಂಗೆ ಗೊತ್ತೈತೆ. ಆಮೇಲಿಂದು ಗೊತ್ತಿಲ್ಲ. ಅವರನ್ನ ಕೇಳಿದಾಗೆಲ್ಲ ಮಾತು ಮರೆಸ್ತಿದ್ರು." ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದರು. "ಅಲ್ಲಿಂದ ಮುಂದಕ್ಕೆ ಹೇಳು. ಏನೂ ಬಿಡಬ್ಯಾಡ."

ಅವರು ಗೇಟಿನಲ್ಲಿ ಗಾಡಿ ಇಳಿದು, ನನ್ನನ್ನು ಕಂಡು, "ಡಬ್ಬಿ ಬಂತಾ?" ಎಂದು ಕೇಳಿದ್ದರಿಂದ ನಾನು ಶುರು ಮಾಡಿದೆ.